ತತ್ತಿಗೆ ಬಣ್ಣ, ಎಳೆಯ ಕೈಗೆ ಕೆಲಸ

2026ರ ಈಸ್ಟರ್ ಏಪ್ರಿಲ್ 5ಕ್ಕೆ, ಹನುಮ ಜಯಂತಿ ಕಳೆದ ಮೂರನೇ ದಿನಕ್ಕೆ ಬಂದಿದೆ. ಇದು ಆಕಸ್ಮಿಕವಲ್ಲ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆಯನ್ನು ಚರ್ಚು ತನ್ನ ಲೆಕ್ಕದಲ್ಲಿ ಹಿಡಿಯುತ್ತದೆ, ಆ ಹುಣ್ಣಿಮೆ ಕಳೆದ ಭಾನುವಾರವೇ ಈಸ್ಟರ್. ನಮ್ಮ ಪಂಚಾಂಗದಲ್ಲಿ ಅದು ಸಾಮಾನ್ಯವಾಗಿ ಚೈತ್ರದ ಹುಣ್ಣಿಮೆ, ಕೆಲವು ವರ್ಷ ಹೋಳಿ ಹುಣ್ಣಿಮೆ. 2024ರಲ್ಲಿ ಹಾಗೇ ಆಯಿತು. ಬೆಳಗಾವಿಯ ಶಹಾಪುರ, ವಡಗಾವಿ ಕಡೆಯವರು ಹೋಳಿಯ ಬಣ್ಣ ಆಡುವುದು ರಂಗಪಂಚಮಿಗೆ. ಆ ವರ್ಷ ರಂಗಪಂಚಮಿ ಮಾರ್ಚ್ 30ರ ಶನಿವಾರ ಬಿತ್ತು, ಮರುದಿನ ಈಸ್ಟರ್. ಊರಿನ ಒಂದು ಮಗ್ಗುಲಲ್ಲಿ ಮಕ್ಕಳು ಒಬ್ಬರಿಗೊಬ್ಬರು ಬಣ್ಣ ಎರಚುತ್ತಿದ್ದ ಹೊತ್ತಿಗೆ ಇನ್ನೊಂದು ಮಗ್ಗುಲಲ್ಲಿ, ಕ್ಯಾಂಪ್ ಪ್ರದೇಶದ ಕ್ರೈಸ್ತ ಮನೆಗಳಲ್ಲಿ, ಹಬ್ಬದ ಅಡುಗೆಯ ತಯಾರಿ ನಡೆದಿತ್ತು.

ಬೆಳಗಾವಿಗೆ ಕ್ರೈಸ್ತರ ಹಬ್ಬಗಳು ಹೊಸತಲ್ಲ. ಲಂಡನ್ ಮಿಷನರಿ ಸೊಸೈಟಿಯ ಜೋಸೆಫ್ ಟೇಲರ್ ಬಳ್ಳಾರಿಯಿಂದ ಇಲ್ಲಿಗೆ ಬಂದದ್ದು 1820ರಲ್ಲಿ. 1904ರಲ್ಲಿ ಆ ಮಿಷನ್ನಿನ ಕೆಲಸ ಮೆಥೋಡಿಸ್ಟರ ಕೈಗೆ ಬಂತು. ಕ್ಯಾಥೊಲಿಕರ ಬೆಳಗಾವಿ ಧರ್ಮಪ್ರಾಂತ್ಯ ರಚನೆಯಾದದ್ದು 1953ರ ಸೆಪ್ಟೆಂಬರ್‌ನಲ್ಲಿ. ಕ್ಯಾಂಪಿನ ಫಾತಿಮಾ ಕೆಥೆಡ್ರಲ್ ಅದರ ಮುಖ್ಯ ದೇವಾಲಯ. ಖಾನಾಪುರದ ಕಡೆ ಹೋದರೆ ನಂದಗಡ, ಲೋಂಡಾಗಳ ತನಕ ಕೊಂಕಣಿ ಮಾತಾಡುವ ಕ್ರೈಸ್ತ ಮನೆಗಳು ಸಿಗುತ್ತವೆ. ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟಿ ಇಳಿದರೆ ಗೋವಾ. ಇತ್ತ ಲೋಂಡಾದಿಂದ ರೈಲು ಹಿಡಿದರೂ ಗೋವಾ. ಹೀಗಾಗಿ ಇಲ್ಲಿನ ಎಷ್ಟೋ ಮನೆಗಳ ಈಸ್ಟರ್ ಊಟದಲ್ಲಿ ಗೋವಾದ ರುಚಿಯಿದೆ. ಸಣ್ಣಾಂ, ಸೊರ್ಪೊತೆಲ್, ಗೋಡಂಬಿ ಅರೆದು ಸಕ್ಕರೆ ಪಾಕದಲ್ಲಿ ಕಟ್ಟಿದ ಮಾರ್ಜಿಪಾನ್ ತತ್ತಿ ಎಲ್ಲ ಇರುತ್ತವೆ. ಕೋಳಿಯ ನಿಜವಾದ ತತ್ತಿಗೆ ಬಣ್ಣ ಹಚ್ಚುವುದು ಮಾತ್ರ ಎಲ್ಲರ ಮನೆಯ ರೂಢಿಯಲ್ಲ. ಮಕ್ಕಳಿರುವ ಮನೆಗಳಲ್ಲಿ ನಡೆಯುತ್ತದೆ, ಶಾಲೆಯಲ್ಲಿ ಕಲಿತು ಬಂದ ಅಕ್ಕ ಅಣ್ಣಂದಿರು ನಡೆಸುತ್ತಾರೆ.

ಮನೆಯಲ್ಲಿ ಎರಡು ಮೂರು ವರ್ಷದ ಕೂಸಿದ್ದರೆ ಈ ಕೆಲಸವನ್ನು ಬಿಡಬಾರದು ಎಂಬುದು ನನ್ನ ಆಗ್ರಹ. ಅದಕ್ಕೆ ಪೇಟೆಯ ಪ್ಲಾಸ್ಟಿಕ್ ತತ್ತಿ ಬೇಡ, ಅಂಟಿಸುವ ಚಿತ್ರದ ಹಾಳೆ ಬೇಡ. ಒಂದು ಬೇಯಿಸಿದ ತತ್ತಿ, ಅಡುಗೆಮನೆಯ ಅರಿಷಿಣ, ಉಳ್ಳಾಗಡ್ಡಿಯ ಸಿಪ್ಪೆ ಮತ್ತು ಆ ಕೂಸಿನ ಕೈ ಇದ್ದರೆ ಸಾಕು. ಕೈ ಆ ಕೂಸಿನದೇ ಆಗಿರಬೇಕು ಎಂಬುದನ್ನೇ ನಾವು ಹೆಚ್ಚಾಗಿ ಮರೆಯುತ್ತೇವೆ. ದೊಡ್ಡವರು ಚೆಂದಾಗಿ ಬಳಿದು, ಕೂಸಿನ ಮುಂದಿಟ್ಟು, ಮೊಬೈಲಿನಲ್ಲಿ ಫೋಟೊ ಹಿಡಿದರೆ ಅದು ದೊಡ್ಡವರ ಹಬ್ಬವಾಯಿತೇ ಹೊರತು ಕೂಸಿನದಲ್ಲ.

ತತ್ತಿಯ ಚಿಪ್ಪಿನ ಮೇಲೆ ಗೆರೆ ಎಳೆಯುವ ಆಸೆ ಮನುಷ್ಯನಿಗೆ ಬಹಳ ಹಳೆಯದು. ದಕ್ಷಿಣ ಆಫ್ರಿಕಾದ ಡೀಪ್‌ಕ್ಲೂಫ್ ಎಂಬ ಬಂಡೆಗವಿಯಲ್ಲಿ ಸುಮಾರು 60 ಸಾವಿರ ವರ್ಷ ಹಿಂದಿನ, ಗೆರೆ ಕೊರೆದ ಉಷ್ಟ್ರಪಕ್ಷಿ ತತ್ತಿಯ ಚೂರುಗಳು ಸಿಕ್ಕಿವೆ. ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಪಕ್ಕದ ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಯಲ್ಲಿ ಪಾಟಣೆ ಎಂಬ ಹಳ್ಳಿಯಿದೆ. ಪುರಾತತ್ವಜ್ಞ ಎಸ್.ಎ. ಸಾಳಿ ಅಲ್ಲಿ ಉತ್ಖನನ ಮಾಡಿದಾಗ ಅಡ್ಡಡ್ಡ ಗೆರೆಗಳನ್ನು ಕೊರೆದ ಉಷ್ಟ್ರಪಕ್ಷಿ ತತ್ತಿಯ ಚಿಪ್ಪು ಸಿಕ್ಕಿತು. ಅದರ ವಯಸ್ಸು ಸುಮಾರು 25 ಸಾವಿರ ವರ್ಷ. ಆಗ ಈ ನೆಲದಲ್ಲಿ ಉಷ್ಟ್ರಪಕ್ಷಿಗಳು ಓಡಾಡುತ್ತಿದ್ದವು, ಅವುಗಳ ತತ್ತಿಯ ಮೇಲೆ ಯಾರೋ ಕುಳಿತು ಗೆರೆ ಎಳೆಯುತ್ತಿದ್ದರು. ಯಾಕೆ ಎಳೆದರೋ ಏನೋ, ಆ ಚೂರಿನ ಚಿತ್ರ ನೋಡಿದಾಗ ನನಗೆ ಮಾತ್ರ ಮಕ್ಕಳ ಪಾಟಿಯ ಮೇಲಿನ ಗೀಚೇ ನೆನಪಾಗುತ್ತದೆ.

ಈಸ್ಟರಿಗೂ ತತ್ತಿಗೂ ನಂಟು ಬೆಳೆದದ್ದರ ಹಿಂದೆ ಉಪವಾಸದ ಲೆಕ್ಕವಿದೆ. ಮಧ್ಯಯುಗದ ಯುರೋಪಿನಲ್ಲಿ ಈಸ್ಟರಿನ ಮುಂಚಿನ 40 ದಿನದ ವ್ರತದಲ್ಲಿ ಮಾಂಸದ ಜೊತೆ ತತ್ತಿಯೂ ನಿಷಿದ್ಧವಾಗಿತ್ತು. ಕೋಳಿಗೇನು ವ್ರತವೇ? ಅದು ಇಡುತ್ತಲೇ ಇತ್ತು. ಕೂಡಿಬಿದ್ದ ತತ್ತಿ ಹಬ್ಬದ ದಿನ ತಾಟಿಗೆ ಬಂತು, ಹಬ್ಬವೆಂದ ಮೇಲೆ ಅದಕ್ಕೆ ಬಣ್ಣವೂ ಬಂತು. ಪೂರ್ವದ ಆರ್ಥೊಡಾಕ್ಸ್ ಕ್ರೈಸ್ತರಲ್ಲಿ ಕ್ರಿಸ್ತನ ರಕ್ತದ ಗುರುತಾಗಿ ಕೆಂಪು ಬಣ್ಣವೇ ಮುಖ್ಯ. ಇಂಗ್ಲೆಂಡಿನ ಒಂದನೇ ಎಡ್ವರ್ಡ್ ದೊರೆಯ 1290ರ ಖರ್ಚಿನ ಲೆಕ್ಕದಲ್ಲಿ ಈಸ್ಟರಿಗಾಗಿ 450 ತತ್ತಿ ಕೊಂಡ ದಾಖಲೆಯಿದೆ. ಉಕ್ರೇನಿನವರು ಜೇನುಮೇಣದಿಂದ ತತ್ತಿಯ ಮೇಲೆ ಗೆರೆ ಬರೆದು ಬಣ್ಣದಲ್ಲಿ ಅದ್ದುವ ‘ಪಿಸಾಂಕಾ’ ಕಲೆ 2024ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಮೇಣ ಕೂತ ಕಡೆ ಬಣ್ಣ ಹಿಡಿಯುವುದಿಲ್ಲ, ಗೆರೆ ಬೆಳ್ಳಗೆ ಉಳಿಯುತ್ತದೆ. ಈ ವಿದ್ಯೆಯನ್ನು ಎರಡೂವರೆ ವರ್ಷದ ಕೂಸಿನ ಕೈಗೂ ಕೊಡಬಹುದು ಎಂದು ನನಗೆ ತೋರಿಸಿಕೊಟ್ಟದ್ದು ಖಾನಾಪುರದ ಒಂದು ಮನೆ.

ಈಸ್ಟರಿನ ಹಿಂದಿನ ದಿನ, ಪವಿತ್ರ ಶನಿವಾರದ ಮುಂಜಾನೆ, ಗೆಳತಿಯ ಮನೆಗೆ ಹೋಗಿದ್ದೆ. ಹಂಚಿನ ಮನೆ, ಹಿತ್ತಲಲ್ಲಿ ಕರಿಬೇವು, ಒಲೆಯ ಮೇಲೆ ಹಳೆಯ ಪಾತೇಲಿಯಲ್ಲಿ ಉಳ್ಳಾಗಡ್ಡಿ ಸಿಪ್ಪೆ ಕುದಿಯುತ್ತಿತ್ತು. ಅವಳ ಮೊಮ್ಮಗಳು ಅಪ್ಪನ ಹಳೆಯ ಅಂಗಿಯನ್ನು ಹಿಂದುಮುಂದಾಗಿ ತೊಟ್ಟು ನೆಲದ ಮೇಲೆ ಕೂತಿದ್ದಳು, ಗುಂಡಿಗಳೆಲ್ಲ ಬೆನ್ನಿಗೆ. ಮುಂದೆ ಹಾಸಿದ ಪತ್ರಿಕೆ, ಅದರ ಮೇಲೆ ಎರಡು ಪ್ಲಾಸ್ಟಿಕ್ ಬಳೆ, ಬಳೆಗೊಂದು ತತ್ತಿ. ಬಳೆಯೊಳಗೆ ಕೂತ ತತ್ತಿ ಉರುಳುವುದಿಲ್ಲ.

“ಕಾಕೂ, ಇದು ನಂದು,” ಎಂದಳು ನನ್ನನ್ನು ನೋಡಿ. ಮುಟ್ಟಲು ಬಂದವರಿಗೆಲ್ಲ ಮೊದಲೇ ಹೇಳಿಡುವ ರೀತಿ ಅದು.

ಗೆಳತಿ ಅವಳ ಕೈಗೆ ಮೇಣದಬತ್ತಿಯ ಒಂದು ಮೋಟು ತುಂಡು ಕೊಟ್ಟಳು. “ಮೆಲ್ಲಕ ಹಿಡಿ ಬಾಳಾ. ಒಂದ್ ಕೈಲೆ ತತ್ತಿ, ಒಂದ್ ಕೈಲೆ ಮೇಣ. ಹಾಂ, ಈಗ ತಿಕ್ಕು.”

ಅವಳು ತಿಕ್ಕಿದಳು. ಮೊದಲು ತತ್ತಿಯ ಮೇಲೆ, ಆಮೇಲೆ ಬಳೆಯ ಮೇಲೆ, ಆಮೇಲೆ ತನ್ನ ಮೊಣಕಾಲಿನ ಮೇಲೆ. ಬಿಳಿಯ ಚಿಪ್ಪಿನ ಮೇಲೆ ಬಿಳಿಯ ಮೇಣ ಕಾಣುವುದಿಲ್ಲವಾದ್ದರಿಂದ ಏನೂ ಆಗಿಲ್ಲವೆಂದು ಅವಳಿಗೆ ಅನಿಸಿರಬೇಕು, ಇನ್ನಷ್ಟು ಒತ್ತಿ ತಿಕ್ಕಿದಳು. ಅಜ್ಜಿ ತಡೆಯಲಿಲ್ಲ. ಆಮೇಲೆ ಇಬ್ಬರೂ ಸೇರಿ ತತ್ತಿಯನ್ನು ಸೌಟಿನಲ್ಲಿಟ್ಟು ಅರಿಷಿಣದ ನೀರಿನ ಲೋಟಕ್ಕೆ ಇಳಿಸಿದರು. ಅರ್ಧ ತಾಸಿನ ನಂತರ ತೆಗೆದಾಗ ಹಳದಿಯ ನಡುವೆ ಬೆಳ್ಳನೆಯ ಗೀಚುಗಳು ಎದ್ದು ನಿಂತಿದ್ದವು. ತಾನು ಎಳೆದ ಗೆರೆಯನ್ನು ಅವಳು ನೋಡಿದ್ದು ಆಗಲೇ. ಬೆರಳಿಟ್ಟು ಒಂದೊಂದೇ ಗೆರೆಯ ಹಿಂದೆ ಹೋದಳು. “ಇದೂ ನಂದು, ಇದೂ ನಂದು” ಎನ್ನುತ್ತ ತತ್ತಿಯ ಹಿಂಬದಿಯವರೆಗೂ ತಿರುಗಿಸಿದಳು.

ಎರಡನೆಯ ತತ್ತಿಗೆ ಎಲೆಯ ಅಚ್ಚು. ಕೊತ್ತಂಬರಿಯ ಎಲೆ ಆರಿಸುವ ಕೆಲಸ ಮೊಮ್ಮಗಳದು. ಒದ್ದೆ ಮಾಡಿ ಚಿಪ್ಪಿಗೆ ಒತ್ತಿ ಅಂಟಿಸಿದ್ದೂ ಅವಳೇ. ಮೇಲೆ ತೆಳುವಾದ ಹಳೆಯ ಬಟ್ಟೆ ಸುತ್ತಿ ದಾರದಿಂದ ಬಿಗಿದದ್ದು ಅಜ್ಜಿ. ಎಲೆಯ ಅಚ್ಚಿಗೆ ಬೇಯಿಸದ ಹಸಿ ತತ್ತಿಯೇ ಅನುಕೂಲ, ಯಾಕೆಂದರೆ ಅದು ಸಿಪ್ಪೆಯ ನೀರಿನಲ್ಲೇ ಬೇಯುತ್ತ ಬಣ್ಣ ಹೀರುತ್ತದೆ. ಹಸಿ ತತ್ತಿ ಮುಟ್ಟಿದ ಮೇಲೆ ಅಜ್ಜಿ ಅವಳ ಕೈಯನ್ನು ಸಾಬೂನು ಹಚ್ಚಿ ತೊಳೆಸಿದಳು. ಹನ್ನೆರಡು ನಿಮಿಷ ಕುದಿಸಿ, ಅದೇ ನೀರಿನಲ್ಲಿ ಆರಲು ಬಿಟ್ಟು, ಆಮೇಲೆ ದಾರ ಕತ್ತರಿಸಿದರು. ಇಟ್ಟಂಗಿ ಬಣ್ಣದ ತತ್ತಿ, ನಡುವೆ ಕೊತ್ತಂಬರಿಯ ಮೂರು ಸೀಳಿನ ಎಲೆ ನರನರವಾಗಿ ಮೂಡಿತ್ತು. ನಾನು ಮೆಚ್ಚಿದ್ದು ಈ ಎರಡನೆಯದನ್ನು. ಕೂಸು ಕೈಬಿಡದೆ ಹಿಡಿದುಕೊಂಡದ್ದು ಮೊದಲನೆಯದನ್ನು, ತಾನು ಗೀಚಿದ್ದನ್ನು. ಅವಳ ಆಯ್ಕೆಯೇ ಸರಿ ಎಂದು ಈಗ ಅನಿಸುತ್ತದೆ.

ಈ ಬಣ್ಣಗಳ ಒಳಗುಟ್ಟು ದೊಡ್ಡವರಿಗೂ ಕುತೂಹಲದ್ದೇ. ತತ್ತಿಯ ಚಿಪ್ಪಿನ ಹೆಚ್ಚುಪಾಲು, ಶೇ 95ರ ಆಸುಪಾಸು, ಕ್ಯಾಲ್ಸಿಯಂ ಕಾರ್ಬೊನೇಟ್. ಸುಣ್ಣದ ಕಲ್ಲು, ಸೀಮೆಸುಣ್ಣಗಳ ಜಾತಿಯದೇ. ಬಣ್ಣದ ನೀರಿಗೆ ಒಂದು ಚಮಚ ವಿನೆಗರ್ ಹಾಕಿದರೆ ಅದು ಚಿಪ್ಪಿನ ಮೇಲ್ಪದರವನ್ನು ತುಸು ಕೊರೆಯುತ್ತದೆ, ಬಣ್ಣ ಚೆನ್ನಾಗಿ ಕಚ್ಚುತ್ತದೆ. ಆಗ ಚಿಪ್ಪಿನ ತುಂಬ ಏಳುವ ಸಣ್ಣ ಗುಳ್ಳೆಗಳು ಕಾರ್ಬನ್ ಡೈಆಕ್ಸೈಡಿನವು. ಗಾಜಿನ ಲೋಟದಲ್ಲಿ ಮಾಡಿದರೆ ಕೂಸುಗಳು ಬಣ್ಣವನ್ನೂ ಮರೆತು ಗುಳ್ಳೆಯನ್ನೇ ನೋಡುತ್ತ ಕೂರುತ್ತವೆ. ಬರೀ ವಿನೆಗರಿನಲ್ಲಿ ರಾತ್ರಿಯೆಲ್ಲ ಬಿಟ್ಟರೆ ಚಿಪ್ಪೇ ಕರಗಿ ತತ್ತಿ ರಬ್ಬರಿನಂತೆ ಮೆತ್ತಗಾಗುತ್ತದೆ, ಆದ್ದರಿಂದ ಹುಳಿ ಹಿತಮಿತವಾಗಿರಲಿ.

ಉಳ್ಳಾಗಡ್ಡಿ ಸಿಪ್ಪೆ ಕೊಡುವುದು ಕಂದುಗೆಂಪು. ಬೀಟ್‌ರೂಟ್ ನಸುಗುಲಾಬಿ. ನೇರಳೆ ಕ್ಯಾಬೇಜ್ ಕುದಿಸಿದ ನೀರು ನೋಡಲು ನೇರಳೆ, ಬಿಳಿ ತತ್ತಿ ಅದ್ದಿ ಕೆಲವು ತಾಸು ಬಿಟ್ಟರೆ ಬರುವುದು ನೀಲಿ. ಜವಾರಿ ಕೋಳಿಯ ಕಂದು ತತ್ತಿಗೆ ಅದೇ ನೀರು ಹಸಿರಿನ ಛಾಯೆ ಕೊಡುತ್ತದೆ. ನನಗೆ ಎಲ್ಲಕ್ಕಿಂತ ಹತ್ತಿರದ್ದು ಅರಿಷಿಣ. ಅರಿಷಿಣಕ್ಕೆ ಸುಣ್ಣ ಬೆರೆಸಿದರೆ ಕೆಂಪಾಗುವುದು ಈ ನಾಡಿನ ಎಲ್ಲ ಹೆಂಗಸರಿಗೂ ಗೊತ್ತು. ಓಕುಳಿಯ ನೀರು ಕೆಂಪಾಗುವುದು ಹಾಗೆಯೇ, ಆರತಿಯ ತಟ್ಟೆಯ ನೀರೂ ಹಾಗೆಯೇ. ಅರಿಷಿಣದಲ್ಲಿರುವ ಕರ್ಕ್ಯುಮಿನ್ ಕ್ಷಾರ ತಗುಲಿದಾಗ ಬಣ್ಣ ಬದಲಿಸುತ್ತದೆ. ಸುಣ್ಣ ಕಣ್ಣಿಗೆ ಬಿದ್ದರೆ ಅಪಾಯ, ಕೂಸಿನ ಹತ್ತಿರ ಅದು ಬೇಡವೇ ಬೇಡ. ಅಡುಗೆ ಸೋಡಾವನ್ನು ನಾಲ್ಕು ಚಮಚ ನೀರಿನಲ್ಲಿ ಕದಡಿ, ಅದರಲ್ಲಿ ಬೆರಳು ಅದ್ದಿ ಹಳದಿ ತತ್ತಿಯ ಮೇಲೆ ಒತ್ತಲು ಹೇಳಿ. ಒತ್ತಿದಲ್ಲಿ ಕೆಂಪು ಬೊಟ್ಟು ಮೂಡುತ್ತದೆ. ಲಿಂಬೆಹುಳಿ ತಾಗಿಸಿದರೆ ಮತ್ತೆ ಹಳದಿ. ರಂಗಪಂಚಮಿಗೂ ಈಸ್ಟರಿಗೂ ನಮ್ಮ ಅಡುಗೆಮನೆಯ ಒಂದೇ ಡಬ್ಬಿ ಬಣ್ಣ ಕೊಡಬಲ್ಲದು ಎಂಬುದು ನನಗೆ ದೊಡ್ಡ ಸಂತೋಷ.

ಕೂಸಿನಿಂದ ಏನನ್ನು ನಿರೀಕ್ಷಿಸಬೇಕು ಎಂಬುದೂ ಗೊತ್ತಿರಬೇಕು. ಒಂದೂವರೆ ವರ್ಷದ ಹೊತ್ತಿಗೆ ಮಕ್ಕಳು ಗೀಚಲು ಸುರುಮಾಡುತ್ತಾರೆ. ಎರಡರ ಹೊತ್ತಿಗೆ ನೋಡಿ ಒಂದು ಗೆರೆ ಎಳೆದಾರು, ಮೂರರ ಸುಮಾರಿಗೆ ಒಂದು ಸೊನ್ನೆ ಬರೆದಾರು. ಹೂವು, ಮೊಲ, ಚಿಟ್ಟೆ ಬರೆಸಹೋದರೆ ಅಳು ಖಂಡಿತ. ಅವರ ಲಕ್ಷ್ಯ ನಿಲ್ಲುವುದು ಕೆಲವೇ ನಿಮಿಷ, ಅದಕ್ಕೆ ಒಂದು ಕೂಸಿಗೆ ಎರಡು ತತ್ತಿ ಧಾರಾಳವಾಯಿತು. ಬಣ್ಣ, ಬಟ್ಟೆ, ಲೋಟ ಎಲ್ಲ ಮೊದಲೇ ಸಿದ್ಧವಿಟ್ಟು ಆಮೇಲೆ ಕೂಸನ್ನು ಕರೆಯಬೇಕು. ಒಲೆಯ ಕೆಲಸ ಪೂರಾ ದೊಡ್ಡವರದೇ, ಬಿಸಿ ಆರಿದ ಮೇಲಷ್ಟೇ ಲೋಟ ಅವರ ಮುಂದೆ ಬರಬೇಕು. ತತ್ತಿ ಕೈಜಾರಿ ಒಡೆಯುತ್ತದೆ, ಒಡೆಯಲಿ. ಬೇಯಿಸಿದ ತತ್ತಿಯಾದರೆ ಸುಲಿದು ಉಪ್ಪು, ಮೆಣಸಿನ ಪುಡಿ ಹಚ್ಚಿ ಅಲ್ಲೇ ತಿನ್ನಬಹುದು. ಗಟ್ಟಿಯಾಗಿ ಹಿಡಿದರೆ ಒಡೆಯುತ್ತದೆ, ಸಡಿಲ ಬಿಟ್ಟರೆ ಬೀಳುತ್ತದೆ ಎಂಬುದನ್ನು ಕೂಸು ಕಲಿಯುವುದು ಇಂಥಲ್ಲೇ. ಅದನ್ನು ಬಿದ್ದರೂ ಒಡೆಯದ ಪ್ಲಾಸ್ಟಿಕ್ ತತ್ತಿ ಎಷ್ಟು ವರ್ಷ ಆಡಿದರೂ ಕಲಿಸುವುದಿಲ್ಲ.

ಬಣ್ಣದ ತತ್ತಿ ತಿನ್ನುವ ವಸ್ತು ಎಂಬುದನ್ನು ಮರೆಯಬಾರದು. ಚಿಪ್ಪಿನ ತುಂಬ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿವೆ, ಹಚ್ಚಿದ್ದು ಒಳಗೂ ಇಳಿಯುತ್ತದೆ. ಹೋಳಿಯ ಪುಡಿ, ರಂಗೋಲಿ ಪುಡಿ, ಎಣ್ಣೆಬಣ್ಣ ಇವೆಲ್ಲ ದೂರವಿರಲಿ. ಚೈತ್ರದ ಬಿಸಿಲಿನಲ್ಲಿ ಬೇಯಿಸಿದ ತತ್ತಿಯನ್ನು ಎರಡು ತಾಸಿಗಿಂತ ಹೆಚ್ಚು ಹೊರಗೆ ಇಡಬಾರದು. ಬಣ್ಣ ಹಚ್ಚಿ ಮುಗಿದ ಕೂಡಲೇ ಫ್ರಿಜ್ಜಿಗೆ ಸೇರಬೇಕು, ವಾರದೊಳಗೆ ಖರ್ಚಾಗಬೇಕು. ಹಸಿ ತತ್ತಿಗೆ ತೂತು ಮಾಡಿ ಒಳಗಿನದನ್ನು ಬಾಯಿಂದ ಊದಿ ತೆಗೆಯುವ ಪದ್ಧತಿಯೊಂದಿದೆ. ಸಾಲ್ಮೊನೆಲ್ಲಾದಂಥ ಸೋಂಕಿನ ಭಯವಿರುವುದರಿಂದ ಸಣ್ಣ ಮಕ್ಕಳಿರುವಲ್ಲಿ ಅದು ಬೇಡ. ಮಣಿ, ಚಮಕಿ, ಗುಂಡು ಚಾಕೊಲೇಟ್ ಎಳೆಯರ ಗಂಟಲಿಗೆ ಸಿಕ್ಕಿಕೊಳ್ಳುವ ವಸ್ತುಗಳು, ಅವನ್ನು ಅಂಟಿಸುವ ಆಸೆಯನ್ನು ಇನ್ನೆರಡು ಮೂರು ವರ್ಷ ಮುಂದೆ ಹಾಕಿ. ಕೆಲವು ಕೂಸುಗಳಿಗೆ ತತ್ತಿಯ ಅಲರ್ಜಿ ಇರುತ್ತದೆ, ನೆರೆಮನೆಯ ಮಗುವನ್ನು ಕರೆಯುವ ಮುಂಚೆ ಅದರ ತಾಯಿಯನ್ನು ಕೇಳಿಕೊಳ್ಳಿ.

ನೆರೆಮನೆಯ ಮಗು ಎಂದಾಗ ಇನ್ನೊಂದು ಮಾತು ಬರುತ್ತದೆ. ಬೆಳಗಾವಿಯಲ್ಲಿ ತತ್ತಿ ಮುಟ್ಟದ ಮನೆಗಳು ಬಹಳ. ಲಿಂಗಾಯತರ, ಜೈನರ, ಬ್ರಾಹ್ಮಣರ ಓಣಿಗಳ ಮಕ್ಕಳೂ ಕ್ರೈಸ್ತ ಗೆಳೆಯರ ಮನೆಗೆ ಆಡಲು ಹೋಗುತ್ತಾರೆ. ರಾಜ್ಯದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ತತ್ತಿ ಕೊಡುವ ಮಾತು ಬಂದಾಗ ಎದ್ದ ಚರ್ಚೆ ಎಲ್ಲರಿಗೂ ನೆನಪಿದೆ. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ನಿನ ನೆರವಿನಿಂದ ತತ್ತಿ ಕೊಡುವ ಯೋಜನೆ ವಾರದ 6 ದಿನಕ್ಕೆ ವಿಸ್ತರಿಸಿತು, ತಿನ್ನದ ಮಕ್ಕಳಿಗೆ ಬಾಳೆಹಣ್ಣು ಅಥವಾ ಚಿಕ್ಕಿ. ಒಂದೇ ಸಾಲಿನಲ್ಲಿ ಕೂತು ಒಬ್ಬ ತತ್ತಿ, ಇನ್ನೊಬ್ಬ ಬಾಳೆಹಣ್ಣು ತಿನ್ನುವುದು ಮಕ್ಕಳಿಗೆ ಕಷ್ಟದ ವಿಷಯವೇ ಅಲ್ಲ. ಬಣ್ಣ ಹಚ್ಚುವ ಆಟದಲ್ಲೂ ಅಂಥ ಏರ್ಪಾಡು ಬೇಕು, ಯಾವ ಕೂಸೂ ಬರಿಗೈಯಲ್ಲಿ ಕೂರಬಾರದು.

ಅದಕ್ಕೆ ಉತ್ತರ ಖಾನಾಪುರದ ನೆಲದಲ್ಲೇ ಇದೆ. ಖಾನಾಪುರದ ಮಣ್ಣು ಕುಂಬಾರಿಕೆಗೆ, ಹಂಚಿಗೆ ಹೆಸರಾದದ್ದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆ ಇರುವುದೂ ಇಲ್ಲೇ. ಮಣ್ಣೆತ್ತಿನ ಅಮಾವಾಸ್ಯೆಗೆ ಈ ಸೀಮೆಯ ಮಕ್ಕಳು ಮಣ್ಣಿನ ಎತ್ತು ಮಾಡಿ ಕೋಡಿಗೆ ಬಣ್ಣ ಹಚ್ಚುತ್ತಾರೆ. ದೀಪಾವಳಿಗೆ ಬೆಳಗಾವಿಯ ಓಣಿಗಳಲ್ಲಿ ಹುಡುಗರು ಕಲ್ಲುಮಣ್ಣಿನ ಕಿಲ್ಲಾ ಕಟ್ಟುತ್ತಾರೆ. ಮಣ್ಣಿಗೆ ಕೈ ಹಾಕಿ ಹಬ್ಬ ಮಾಡುವುದು ನಮ್ಮ ಮಕ್ಕಳಿಗೆ ರಕ್ತದಲ್ಲೇ ಬಂದಿದೆ. ಅದೇ ಮಣ್ಣಿನ ಉಂಡೆಯನ್ನು ತತ್ತಿಯ ಆಕಾರಕ್ಕೆ ತೀಡಿ, ನೆರಳಲ್ಲಿ ಒಣಗಿಸಿದರೆ ಅರಿಷಿಣ, ಕುಂಕುಮ, ಜಾಜು, ಸುದ್ದೆ ಎಲ್ಲ ಅದರ ಮೇಲೆ ಹಿಡಿಯುತ್ತವೆ. ಕೂಸಿನ ಅಂಗೈಗೆ ಅದು ತತ್ತಿಗಿಂತ ತುಸು ಭಾರ, ಬಿದ್ದರೆ ಅದೂ ಒಡೆಯುತ್ತದೆ. ಆಟದ ರುಚಿ ಕಡಿಮೆಯಾಗುವುದಿಲ್ಲ.

ಖಾನಾಪುರದ ಕುಂಬಾರ ಬಂಧುಗಳಲ್ಲಿ ಒಂದು ಕೇಳಿಕೆ. ಹಣತೆಯ ಜೊತೆಗೆ, ಮಣ್ಣೆತ್ತಿನ ಜೊತೆಗೆ, ವರ್ಷಕ್ಕೊಮ್ಮೆ ಈಸ್ಟರಿನ ಮುಂಚೆ ಮೆರುಗಿಲ್ಲದ ಸಣ್ಣ ಮಣ್ಣಿನ ತತ್ತಿಗಳನ್ನೂ ಸುಟ್ಟು ಸಂತೆಗೆ ತನ್ನಿ. ಕ್ಯಾಂಪಿನ ತಾಯಂದಿರು, ಬಾಲವಾಡಿಯ ಅಕ್ಕಂದಿರು ಪ್ಲಾಸ್ಟಿಕ್ ಬಿಟ್ಟು ಅವನ್ನು ಕೊಳ್ಳಲಿ. ಬಣ್ಣ ಹಚ್ಚುವ ಕೆಲಸ ಮಕ್ಕಳಿಗೇ ಬಿಡಲಿ, ಅವರು ಹಚ್ಚಿದ್ದನ್ನು ಯಾರೂ ತಿದ್ದದಿರಲಿ.